ಎದುರು ನಿಂತು ಕೇಳುವ ಹಾಡು

ಕಳೆದ ಬೇಸಿಗೆಯ ಒಂದು ಸಂಜೆ ಮೊಮ್ಮಗನ ಒತ್ತಾಯಕ್ಕೆ ಮಣಿದು, ತುಮಕೂರಿನ ಬಯಲೊಂದರಲ್ಲಿ ಏರ್ಪಟ್ಟಿದ್ದ ಯುವಕರ ವಾದ್ಯಗೋಷ್ಠಿಗೆ ಹೋಗಿದ್ದೆ. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ವಚನಗಾಯನವನ್ನೂ ಕಲಿತ ನನಗೆ ಗಿಟಾರು, ಡ್ರಮ್ಮುಗಳ ಅಬ್ಬರ ಹಿಡಿಸೀತೇ ಎಂಬ ಅಳುಕಿತ್ತು. ಎರಡು ಹಾಡುಗಳು ಮುಗಿದರೂ ಆ ಅಳುಕು ಹೋಗಲಿಲ್ಲ. ಮೂರನೆಯದಾಗಿ ಅವರು ಎತ್ತಿಕೊಂಡದ್ದು ಶಿಶುನಾಳ ಶರೀಫರ ತತ್ತ್ವಪದ! ಸುತ್ತಲಿನ ಹುಡುಗರೆಲ್ಲ ಪಲ್ಲವಿಗೆ ದನಿಗೂಡಿಸಿದರು. ನನಗರಿವಿಲ್ಲದೆ ನನ್ನ ಕೈಯೂ ತಾಳ ಹಾಕತೊಡಗಿತ್ತು. ಹಾಡು ಮುಗಿದೊಡನೆ "ಒನ್ಸ್ ಮೋರ್" ಎಂಬ ಕೂಗೆದ್ದಿತು.

ಈ ಕೂಗು ನಮ್ಮ ಸೀಮೆಗೆ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಮುಂದೆ ಗುಬ್ಬಿ ವೀರಣ್ಣನವರು ನಾಡಿನ ಮನೆಮಾತಾಗಿಸಿದರು. ಕಂಪನಿ ನಾಟಕಗಳಲ್ಲಿ ಸಭಿಕರು "ಒನ್ಸ್ ಮೋರ್" ಎಂದರೆ, ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಮತ್ತೆ ಹಾಡುತ್ತಿದ್ದನೆಂದು ಹಿರಿಯರು ನಗುತ್ತ ಹೇಳುತ್ತಿದ್ದರು. ಹಾಡುವವನು ಕೇಳುವವರ ಮುಖ ನೋಡಿ ಹಾಡನ್ನು ಬೆಳೆಸುತ್ತಾನೆ. ಕೇಳುಗನೂ ಅಲ್ಲಿ ಪಾಲುದಾರ.

ಶರೀಫರು (1819–1889) ಗುರು ಗೋವಿಂದಭಟ್ಟರ ಶಿಷ್ಯರಾಗಿ ಮತಭೇದವನ್ನು ಮೀರಿದವರು. ಅವರ ಪದಗಳನ್ನು ಭಜನಾ ಮಂಡಳಿಗಳು ಕಾಪಾಡಿದವು, ಸಿ. ಅಶ್ವತ್ಥ್ ಸುಗಮ ಸಂಗೀತದಲ್ಲಿ ಮನೆಮನೆಗೆ ಮುಟ್ಟಿಸಿದರು. ರಘು ದೀಕ್ಷಿತರು ರಾಕ್ ವಾದ್ಯಗಳೊಡನೆ ಅವುಗಳನ್ನು ಹಾಡಿ 2008ರಲ್ಲಿ ಧ್ವನಿಮುದ್ರಿಕೆ ತಂದರು. 2011ರಲ್ಲಿ ಅವರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿತು. ಮೈಕೆಲ್ ಈವಿಸ್ ಎಂಬ ಹೈನುಗಾರರು ತಮ್ಮ ಹೊಲದಲ್ಲಿ 1970ರಲ್ಲಿ ಆರಂಭಿಸಿದ ಉತ್ಸವವದು. ಮೊದಲ ವರ್ಷ ಪ್ರವೇಶಕ್ಕೆ ಒಂದು ಪೌಂಡು. ಬಂದವರಿಗೆಲ್ಲ ಹಾಲು ಉಚಿತ. ದಾಸೋಹದ ನೆಲದವರಾದ ನಮಗೆ ಇದು ಪರಕೀಯವೆನಿಸಬೇಕಾಗಿಲ್ಲ.

ನನ್ನ ಚಿಂತೆ ಬೇರೆಯದು. ಈಚೆಗೆ ನಮ್ಮ ಕಡೆಯ ಊರೊಂದರ ಉತ್ಸವದಲ್ಲಿ ಟ್ರ್ಯಾಕ್ಟರಿನ ಮೇಲೆ ಡಿಜೆ ಪೆಟ್ಟಿಗೆಗಳು ಎದೆ ನಡುಗುವಂತೆ ಮೊರೆಯುತ್ತಿದ್ದವು. ವೀರಗಾಸೆಯವರು ವೇಷ ತೊಟ್ಟು, ಸಮಾಳ ಕೆಳಗಿಟ್ಟು, ಗೋಡೆಯ ನೆರಳಿನಲ್ಲಿ ಕುಳಿತಿದ್ದರು. ಏಕೆಂದು ಕೇಳಿದೆ. "ಪೆಟ್ಟಿಗೆ ನಿಂತ ಮೇಲೆ ನಮ್ಮ ಸರದಿ, ಶಾಸ್ತ್ರಿಗಳೇ" ಎಂದರು ಅವರಲ್ಲಿ ಹಿರಿಯರು. ಪೆಟ್ಟಿಗೆ ನಿಲ್ಲುವ ವೇಳೆಗೆ ಜನವೆಲ್ಲ ಚದುರಿತ್ತು. ಆ ಹಿರಿಯರ ಮಗ ವೇಷ ಕಟ್ಟುವುದನ್ನು ಬಿಟ್ಟಿದ್ದಾನಂತೆ.

ಗಿಟಾರು ನಮ್ಮ ಮಕ್ಕಳನ್ನು ಕೆಡಿಸುತ್ತಿದೆಯೆಂದು ನಾವು ದೂರುತ್ತೇವೆ. ಆದರೆ ನಡುರಾತ್ರಿಯವರೆಗೆ ನಿಂತು ಕೇಳುವ ಆ ಹುಡುಗರು ಅರಸುತ್ತಿರುವುದು ಬೆವರು ಸುರಿಸಿ ನುಡಿಸುವ ಮನುಷ್ಯನನ್ನೇ. ಅವನನ್ನು ಜಾತ್ರೆಯಿಂದ ಹೊರಗಿಟ್ಟವರು ಹಿರಿಯರಾದ ನಾವು.

ಗುಬ್ಬಿಯ ಜಾತ್ರೆಯಿರಲಿ, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಸಿದ್ಧಲಿಂಗೇಶ್ವರರ ರಥೋತ್ಸವವಿರಲಿ, ಮಕ್ಕಳೊಡನೆ ಹೋಗುವ ಸದ್ಭಕ್ತರಲ್ಲಿ ನನ್ನದೊಂದು ಬಿನ್ನಹ: ಓಲಗದವರ, ನಂದಿಧ್ವಜ ಹಿಡಿದವರ ಎದುರು ಅರ್ಧ ಗಳಿಗೆಯಾದರೂ ನಿಲ್ಲಿರಿ. ಊರ ಹಬ್ಬ ನಡೆಸುವ ಹಿರಿಯರು ಒಂದು ಗಂಟೆ ಪೆಟ್ಟಿಗೆಗಳನ್ನು ನಿಲ್ಲಿಸಿ, ವೀರಗಾಸೆಯವರನ್ನೂ ಗಿಟಾರಿನ ಹುಡುಗರನ್ನೂ ಒಂದೇ ವೇದಿಕೆಗೆ ಕರೆಯಲಿ. ನನ್ನ ಮೊಮ್ಮಗ ಮೊದಲ ಸಾಲಿನಲ್ಲಿ ನಿಲ್ಲುವುದಾಗಿ ಒಪ್ಪಿದ್ದಾನೆ. ನಾನೂ ಬರುತ್ತೇನೆ.