ನಿಮಗಿದು ಗೊತ್ತೇ? ಗ್ರೈಂಡರ್ ಹಿಡಿಯುವ ಮುನ್ನ ಬಿಲ್ಲೆ ಓದಿ

ಹೈದರಾಬಾದ್‌ನ ಅಮೀರ್‌ಪೇಟ್‌ನಲ್ಲಿ ಮೈತ್ರಿವನಂ ಸುತ್ತಮುತ್ತ ಕಣ್ಣು ಹಾಯಿಸಿದಲ್ಲೆಲ್ಲ ಕಂಪ್ಯೂಟರ್ ಕೋರ್ಸುಗಳ ಬೋರ್ಡು. ಬೀದರ್, ರಾಯಚೂರು, ಕಲಬುರಗಿಯಿಂದ ಕಲಿಯಲು ಬಂದ ನಮ್ಮ ಹುಡುಗರಿಗೆ ಚಿರಪರಿಚಿತ ಬೀದಿಗಳಿವು. ಅಲ್ಲಿನ ಬೋರ್ಡಿನ ಚೌಕಟ್ಟು, ಹಾಸ್ಟೆಲ್ ಕಿಟಕಿಯ ಗ್ರಿಲ್ಲು ಕೊಯ್ಯುವ ಆಂಗಲ್ ಗ್ರೈಂಡರ್ ಈಗ ಮನೆಮನೆಗೂ ಬಂದಿದೆ. ಮೊದಲ ಸಲ ಹಿಡಿಯುವವರಿಗೆ ಇಷ್ಟು ಗೊತ್ತಿರಲಿ.

● ಈ ಯಂತ್ರವನ್ನು 1954ರಲ್ಲಿ ಮಾರುಕಟ್ಟೆಗೆ ತಂದದ್ದು ಜರ್ಮನಿಯ ಫ್ಲೆಕ್ಸ್ ಕಂಪನಿ. ಜರ್ಮನರು ಇಂದಿಗೂ ಇದನ್ನು ‘ಫ್ಲೆಕ್ಸ್’ ಎಂದೇ ಕರೆಯುತ್ತಾರೆ.

● ಕಬ್ಬಿಣ ಕೊಯ್ಯುವ ಬಿಲ್ಲೆಗೆ ಹಲ್ಲಿಲ್ಲ. ನಾರಿನ ಬಲೆಯ ಮೇಲೆ ರಾಳದಿಂದ ಅಂಟಿಸಿದ ಹರಳುಗಳೇ ಕೊಯ್ಯುತ್ತವೆ. ಆ ಹರಳು ಸಾಮಾನ್ಯವಾಗಿ ಕೊರಂಡಮ್. ಆ ಹೆಸರು ನಮ್ಮ ದಕ್ಷಿಣದ್ದೇ, ‘ಕುರುವಿಂದ’ದ ಬಳಗದ್ದು.

● ಹೈದರಾಬಾದ್ ಮೆಟ್ರೊದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ನಿಮಿಷಕ್ಕೆ 11,000 ಸುತ್ತು ಹಾಕುವ 4 ಇಂಚಿನ ಬಿಲ್ಲೆಯ ಅಂಚು ಗಂಟೆಗೆ 200 ಕಿ.ಮೀ. ದಾಟುತ್ತದೆ. ಬಿಲ್ಲೆ ಒಡೆದರೆ ಚೂರುಗಳೂ ಅದೇ ವೇಗದಲ್ಲಿ ಹಾರುತ್ತವೆ.

● ಪ್ರತಿ ಬಿಲ್ಲೆಯ ಮೇಲೂ ಅದು ತಾಳುವ ಗರಿಷ್ಠ ಸುತ್ತು ಬರೆದಿರುತ್ತದೆ. 4 ಇಂಚಿನದಕ್ಕೆ ಸಾಮಾನ್ಯವಾಗಿ 15,300; 7 ಇಂಚಿನದಕ್ಕೆ 8,500 ಮಾತ್ರ. ಬಿಲ್ಲೆಯನ್ನು ಮುಚ್ಚುವ ಗಾರ್ಡ್ ಬಿಚ್ಚಿ ಚಿಕ್ಕ ಯಂತ್ರಕ್ಕೆ ದೊಡ್ಡ ಬಿಲ್ಲೆ ಹಾಕುವುದೆಂದರೆ ಜೀವದ ಜೊತೆ ಆಟ.

● ಬಿಲ್ಲೆಗೂ ಎಕ್ಸ್‌ಪೈರಿ ಉಂಟು! ನಡುವಿನ ತೂತಿನ ಸುತ್ತ ತಗಡಿನ ಬಳೆಯೊಂದಿದೆ. ಬೆಳಕಿಗೆ ಹಿಡಿದು ನೋಡಿ, ‘04/2027’ ಎಂಬಂಥ ಅಂಕಿ ಒತ್ತಿರುತ್ತದೆ. ತಯಾರಾದ 3 ವರ್ಷಕ್ಕೆ ರಾಳದ ಬಿಲ್ಲೆಯ ಆಯಸ್ಸು ಮುಗಿಯಿತು. ತೇವ ತಗುಲಿದ್ದು, ಅಂಚು ಮುರಿದದ್ದು, ಕೆಳಗೆ ಬಿದ್ದದ್ದು ಬೇಡವೇ ಬೇಡ.

● ತೆಳ್ಳಗಿನ ಕಟಿಂಗ್ ಬಿಲ್ಲೆಯ ಪಕ್ಕದಿಂದ ಉಜ್ಜಬಾರದು. ಉಜ್ಜಲು 6 ಮಿ.ಮೀ. ದಪ್ಪದ ಗ್ರೈಂಡಿಂಗ್ ಬಿಲ್ಲೆಯೇ ಬೇರೆ ಇದೆ.

● ಕೊಯ್ಯುವ ಪೈಪಿನ ಎರಡೂ ತುದಿಗೆ ಆಸರೆ ಕೊಟ್ಟರೆ ನಡು ಕುಸಿದು ಸೀಳು ಮುಚ್ಚಿಕೊಳ್ಳುತ್ತದೆ. ಬಿಲ್ಲೆ ಸಿಕ್ಕಿಹಾಕಿಕೊಂಡು ಯಂತ್ರ ನಿಮ್ಮತ್ತಲೇ ಒದೆಯುತ್ತದೆ. ಪೈಪನ್ನು ಬಿಗಿಯಾಗಿ ಕಟ್ಟಿ, ಕತ್ತರಿಸಿ ಬೀಳುವ ತುದಿಯನ್ನು ಆಸರೆಯಿಲ್ಲದೆ ಬಿಡಿ. ಎರಡೂ ಕೈ ಯಂತ್ರದ ಮೇಲಿರಲಿ. ನೀವು ಬಿಲ್ಲೆಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.

● ಕರೆಂಟ್ ಹೋದ ಕೂಡಲೇ ಸ್ವಿಚ್ ಆಫ್ ಮಾಡಿ. ಸ್ವಿಚ್ಚಿನ ಲಾಕ್ ಹಾಗೇ ಇದ್ದರೆ, ಕರೆಂಟ್ ಬಂದ ಕ್ಷಣವೇ ಯಂತ್ರ ತಾನಾಗಿ ತಿರುಗತೊಡಗಬಹುದು. ಬಿಲ್ಲೆ ಬದಲಿಸುವಾಗಲಂತೂ ಪ್ಲಗ್ ಕಿತ್ತಿರಲೇಬೇಕು.

● ದುಪಟ್ಟಾ, ಸೆರಗು, ಲುಂಗಿ, ಸಡಿಲ ತೋಳು, ನೂಲಿನ ಗ್ಲೌಸ್ ಯಾವುದೂ ಬೇಡ. ಬಿಲ್ಲೆ ಒಂದು ಎಳೆ ಹಿಡಿದರೆ ಸಾಕು, ಕೈಯನ್ನೂ ಎಳೆದುಕೊಳ್ಳುತ್ತದೆ.

● ಕಿಡಿಯೆಂದರೆ ಉರಿಯುತ್ತಿರುವ ಕಬ್ಬಿಣ. ಸುತ್ತ 11 ಮೀಟರ್‌ವರೆಗೆ ಥಿನ್ನರ್, ಬಟ್ಟೆ, ಕಾಗದ ಇರಕೂಡದು.

● ಓದುವ ಕನ್ನಡಕ ಸಾಲದು, ಪಕ್ಕವೂ ಮುಚ್ಚುವ ಗಾಗಲ್ ಬೇಕು. ಕಣ್ಣಿಗೆ ನಾಟಿದ ಕಬ್ಬಿಣದ ಚೂರು ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿದು ಉಂಗುರ ಮೂಡಿಸುತ್ತದೆ. ಉಜ್ಜಬೇಡಿ, ಕಡ್ಡಿಯಿಂದ ತೆಗೆಯಬೇಡಿ, ಆಸ್ಪತ್ರೆಗೆ ಹೋಗಿ. ಅಮೀರ್‌ಪೇಟ್‌ನವರಿಗೆ ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆ, ಮೆಹದಿಪಟ್ನಂನ ಸರ್ಕಾರಿ ಸರೋಜಿನಿ ದೇವಿ ಆಸ್ಪತ್ರೆ ದೂರವೇನಲ್ಲ.

● ಗ್ರಾನೈಟ್ ಕೊಯ್ದರೆ ಏಳುವ ಬಿಳಿ ದೂಳಿನಲ್ಲಿ ಸಿಲಿಕಾ ಇದೆ. ಅದರಿಂದ ಬರುವ, ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ 1940ರ ದಶಕದಲ್ಲೇ ಈ ರೋಗ ದಾಖಲಾಗಿತ್ತು. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಬೇಕೇ ಬೇಕು.

● ಹೊಸ ಬಿಲ್ಲೆ ಹಾಕಿದ ಮೇಲೆ ಗಾರ್ಡನ್ನು ನಿಮ್ಮ ಕಡೆಗೆ ತಿರುಗಿಸಿ, ಯಾರೂ ಇಲ್ಲದತ್ತ ಹಿಡಿದು ಒಂದು ನಿಮಿಷ ಖಾಲಿ ಓಡಿಸಿ. ಬಿಲ್ಲೆಯಲ್ಲಿ ಬಿರುಕಿದ್ದರೆ ಅದು ಬಯಲಾಗಬೇಕಾದದ್ದು ಆ ನಿಮಿಷದಲ್ಲೇ, ನೀವು ಬಾಗಿ ಕೊಯ್ಯುತ್ತಿರುವಾಗ ಅಲ್ಲ.