ಡಕೋಟ ವಿಮಾನದ ದೀರ್ಘಾಯುಷ್ಯ

ಕನ್ನಡದ ಆಡುಮಾತಿನಲ್ಲಿ ‘ಡಕೋಟ’ ಎಂದರೆ ಗಡಗಡನೆ ಸದ್ದುಮಾಡುವ ಮುರುಕು ಗಾಡಿ. ಆ ಹೆಸರನ್ನೇ ಹೊತ್ತ ವಿಮಾನದ ಚರಿತ್ರೆಯಾದರೋ ಈ ಅರ್ಥಕ್ಕೆ ತೀರ ವಿರುದ್ಧವಾದುದು. ಅಮೆರಿಕದ ಡಗ್ಲಸ್ ಸಂಸ್ಥೆಯ ಡಿ.ಸಿ.-೩ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಿಂದ ಮೊದಲು ಮೇಲೆದ್ದದ್ದು ೧೯೩೫ನೆಯ ಡಿಸೆಂಬರ್ ೧೭ರಂದು. ಎರಡನೆಯ ಮಹಾಯುದ್ಧದ ಅಗತ್ಯಕ್ಕಾಗಿ ಅದರ ಸೈನಿಕ ರೂಪಗಳು ಸಾವಿರಗಟ್ಟಲೆ ನಿರ್ಮಾಣವಾದವು. ಡಕೋಟ ಎಂಬುದು ಬ್ರಿಟಿಷರು ಅದಕ್ಕಿಟ್ಟ ಹೆಸರು.

ಅದರ ಬಾಳಿಕೆಗೆ ಗಟ್ಟಿತನವೇ ಕಾರಣವೆಂದರೆ ಉತ್ತರ ಪೂರ್ಣವಾಗದು. ಭಾರ ಮತ್ತೆ ಮತ್ತೆ ಬಿದ್ದು ಲೋಹ ದಣಿದು ಸೀಳುವ ವಿಷಯ ಅಂದಿನ ಎಂಜಿನಿಯರುಗಳಿಗೆ ಚೆನ್ನಾಗಿ ತಿಳಿದಿರಲಿಲ್ಲ. ಆದರೂ ಅವರು ರೆಕ್ಕೆಯ ಹೊರೆಯನ್ನು ಒಂದೇ ತೊಲೆಗೆ ಬಿಡದೆ, ಜಾನ್ ನಾರ್ತ್ರಪ್ ರೂಢಿಸಿದ್ದ ಕ್ರಮದಂತೆ, ಹಲವು ಲೋಹಪಟ್ಟಿಗಳಿಗೆ ಹಂಚಿದರು. ಒಂದೆಡೆ ಬಿರುಕು ಕಂಡರೂ ಉಳಿದವು ಹೊರಬಲ್ಲವು. ಇನ್ನೊಂದು ಕಾರಣ ವಿಚಿತ್ರವಾದುದು: ಮೇಲಕ್ಕೇರಿದಂತೆ ಒಳಗಿನ ಗಾಳಿಯ ಒತ್ತಡವನ್ನು ಕಾಯುವ ಏರ್ಪಾಡೇ ಅದರಲ್ಲಿರಲಿಲ್ಲ. ಪ್ರಯಾಣಿಕರಿಗೆ ಇದು ಕಷ್ಟವೇ. ಮೋಡಗಳ ನಡುವೆ ತೂಗಾಡುತ್ತ ಸಾಗಬೇಕು. ಒಡಲಿಗೆ ಮಾತ್ರ ಪ್ರತಿ ಹಾರಾಟದಲ್ಲೂ ಉಬ್ಬಿ ತಗ್ಗುವ ಶ್ರಮ ತಪ್ಪಿತು. ೧೯೫೪ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದುದಕ್ಕೆ ಈ ಶ್ರಮವೇ ಮೂಲವೆಂದು ತನಿಖೆಯಲ್ಲಿ ತಿಳಿದುಬಂತು. ಸೌಕರ್ಯದ ಕೊರತೆಯೇ ಡಕೋಟಕ್ಕೆ ಆಯುಷ್ಯವಾಯಿತು.

ಯುದ್ಧ ಮುಗಿದಾಗ ಮಿಕ್ಕಿದ ವಿಮಾನಗಳು ಅಗ್ಗವಾಗಿ ದೊರೆತವು. ಅವುಗಳಲ್ಲಿ ಕೆಲವನ್ನು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಪ್ರಯಾಣಿಕ ಸೇವೆಗೆ ತಕ್ಕಂತೆ ಮಾರ್ಪಡಿಸಿತು. ಕಾಶ್ಮೀರವನ್ನು ಉಳಿಸಿಕೊಳ್ಳಲು ೧೯೪೭ರ ಅಕ್ಟೋಬರ್ ೨೭ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದವು ಡಕೋಟಗಳೇ. ೧೯೪೮ರ ಮೇ ತಿಂಗಳಿನಲ್ಲಿ ಮೆಹರ್ ಸಿಂಗ್ ಅವರು ಹತ್ತು ಸಾವಿರ ಅಡಿಗೂ ಮೇಲಿರುವ ಲೇಹ್‌ನ ಒರಟು ನೆಲದ ಮೇಲೆ ಡಕೋಟವನ್ನು ಇಳಿಸಿದಾಗ, ಕೊಡಗಿನ ಜನರಲ್ ತಿಮ್ಮಯ್ಯನವರು ಅದರಲ್ಲಿ ಕುಳಿತಿದ್ದರು. ಒತ್ತಡವಿಲ್ಲದ ಆ ವಿಮಾನದಲ್ಲಿ ಹಿಮಾಲಯವನ್ನು ದಾಟುವುದು ಕೇವಲ ಸಾಹಸದ ಮಾತಲ್ಲ, ಉಸಿರಿನ ಪ್ರಶ್ನೆ.

ಪರಊರಿನ ಕನ್ನಡಿಗರು ಇದರ ಇನ್ನೊಂದು ಸೇವೆಯನ್ನೂ ನೆನೆಯಬೇಕು. ೧೯೪೯ರ ಜನವರಿಯಲ್ಲಿ ಆರಂಭವಾದ ರಾತ್ರಿ ಅಂಚೆಯಲ್ಲಿ ಮುಂಬಯಿ, ಕಲಕತ್ತೆ, ಮದರಾಸು, ದಿಲ್ಲಿಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಟಪಾಲು ಚೀಲಗಳನ್ನು ಅದಲುಬದಲು ಮಾಡಿಕೊಂಡು ಬಂದ ದಾರಿಯಲ್ಲೇ ಮರಳುತ್ತಿದ್ದವು. ದಿಲ್ಲಿಯಲ್ಲಿ ಸಂಜೆ ಹಾಕಿದ ಕಾಗದ ಬೆಳಗಾಗುವುದರೊಳಗೆ ಮದರಾಸು ಸೇರುತ್ತಿತ್ತು.

ಕಾಲಕ್ರಮದಲ್ಲಿ ಡಕೋಟವನ್ನು ಕಾಡಿದವುಗಳಲ್ಲಿ ಇಂಧನದ ಸಮಸ್ಯೆಯೂ ಒಂದು. ಅದರ ಪಿಸ್ಟನ್ ಎಂಜಿನ್ನಿಗೆ ಬೇಕಾದ ಪೆಟ್ರೋಲು ಅನೇಕ ನಿಲ್ದಾಣಗಳಲ್ಲಿ ದುರ್ಲಭವಾಯಿತು. ಆಗ ವಿಸ್ಕಾನ್ಸಿನ್‌ನ ಬಾಸ್ಲರ್ ಸಂಸ್ಥೆ ಹಳೆಯ ಒಡಲನ್ನು ಕೊಂಚ ಉದ್ದಮಾಡಿ, ಸೀಮೆಎಣ್ಣೆಯಂಥ ಜೆಟ್ ಇಂಧನ ಬಳಸುವ ಟರ್ಬೈನ್ ಎಂಜಿನ್‌ಗಳನ್ನು ಕೂಡಿಸಿತು. ಎಂಜಿನ್, ಉಪಕರಣಗಳೆಲ್ಲ ಬದಲಾದ ಮೇಲೆ ಅದು ಹಳೆಯ ಡಕೋಟವೇ ಎಂದು ತಾರ್ಕಿಕರು ಕೇಳಬಹುದು. ಅಂಟಾರ್ಕ್ಟಿಕದ ಹಿಮದ ಮೇಲೆ ಹಿಮಪಾದುಕೆ ತೊಟ್ಟು ಇಳಿದ ಆ ವಿಮಾನಗಳ ರೆಕ್ಕೆಗಳಲ್ಲಿ ೧೯೪೦ರ ದಶಕದ ಲೋಹವೇ ಇತ್ತು.