ಬಿಡುಗಡೆಯ ಮೊದಲ ಹದಿನೈದು ದಿನ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಜೈಲಿನಿಂದ ಹೊರಬಂದ 30,237 ಮಂದಿಯ ದಾಖಲೆ ಜಾಲಾಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರ ಅವರು ಸಾಯುವ ಸಂಭವ ಉಳಿದ ಜನರಿಗಿಂತ ಸುಮಾರು 13 ಪಟ್ಟು. ಮಾದಕವಸ್ತುವಿನ ಅತಿಸೇವನೆಯಿಂದ ಆಗುವ ಸಾವನ್ನಷ್ಟೇ ಲೆಕ್ಕ ಹಿಡಿದರೆ 129 ಪಟ್ಟು!

ಹೆರಾಯಿನ್‌ನಂಥ ಅಫೀಮಿನ ಬಳಗದ ವಸ್ತುಗಳು ಮಿದುಳಿನ ಗ್ರಾಹಕಗಳಿಗೆ ಅಂಟಿಕೊಂಡು ಅಮಲೇರಿಸುತ್ತವೆ. ದಿನವೂ ಸೇವಿಸಿದರೆ ಗ್ರಾಹಕಗಳು ಜಡ್ಡುಗಟ್ಟಿ, ಅಷ್ಟೇ ಅಮಲಿಗೆ ಹೆಚ್ಚು ಹೆಚ್ಚು ಬೇಕಾಗುತ್ತದೆ. ಉಸಿರಾಟದ ಲಯ ಕಾಯುವ ನರಕೋಶಗಳೂ ಆ ಪ್ರಮಾಣಕ್ಕೆ ಒಗ್ಗಿಕೊಂಡಿರುತ್ತವೆ. ಜೈಲಿನಲ್ಲಿ ಕೆಲವು ವಾರ ಸಿಗದೇ ಹೋದರೆ ಈ ತಾಳಿಕೆ ಕರಗುತ್ತದೆ, ಚಪಲ ಮಾತ್ರ ಹಾಗೇ ಉಳಿಯುತ್ತದೆ. ಹೊರಬಂದವನು ಹಳೇ ಅಳತೆಯಲ್ಲೇ ಚುಚ್ಚಿಕೊಂಡರೆ ಉಸಿರು ನಿಧಾನವಾಗುತ್ತಾ ನಿಂತೇ ಹೋಗಬಹುದು. ಇದನ್ನು ತಡೆಯಲು ಅಮೆರಿಕದ ರೋಡ್ ಐಲೆಂಡ್ ರಾಜ್ಯ 2016ರಲ್ಲಿ ಜೈಲಿನೊಳಗೇ ಮೆಥಡೋನ್, ಬ್ಯೂಪ್ರನಾರ್ಫಿನ್ ಮೊದಲಾದ ಚಟ ಚಿಕಿತ್ಸೆಯ ಔಷಧ ಕೊಡತೊಡಗಿತು. ಆ ವರ್ಷದ ಮೊದಲ ಆರು ತಿಂಗಳಲ್ಲಿ, ಅತಿಸೇವನೆಯಿಂದ ಸತ್ತವರ ಪೈಕಿ ಹೊಸದಾಗಿ ಬಿಡುಗಡೆಯಾಗಿದ್ದವರು 26. ಮರುವರ್ಷ ಅದೇ ಅವಧಿಯಲ್ಲಿ 9.

ಕುಡಿತದ ವಿಷಯದಲ್ಲಿ ಗಂಡಾಂತರ ಇರುವುದು ಜೈಲಿಗೆ ಹೋಗುವಾಗ. ಚಟವಿರುವ ಕೈದಿಗಳೇನೂ ಕಡಿಮೆಯಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ನಿಮ್ಹಾನ್ಸ್ ತಜ್ಞರು 5,024 ಕೈದಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 80 ಮಂದಿಗೆ ಮಾನಸಿಕ ಕಾಯಿಲೆ ಇಲ್ಲವೇ ಚಟದ ಸಮಸ್ಯೆ ಇತ್ತು. ಚಟ ಬಿಟ್ಟು ಎಣಿಸಿದರೂ 27.6.

ವರ್ಷಗಟ್ಟಲೆ ಕುಡಿದವರ ಮಿದುಳು, ಮದ್ಯದ ಮಂಪರನ್ನು ಸರಿದೂಗಿಸಲು ಸದಾ ಉದ್ರೇಕದಲ್ಲೇ ಇರುತ್ತದೆ. ಬಂಧನವಾಗಿ ಕುಡಿತ ಥಟ್ಟನೆ ನಿಂತರೆ ಆ ಉದ್ರೇಕಕ್ಕೆ ಲಗಾಮಿಲ್ಲ. ಮೊದಲು ಕೈ ನಡುಕ, ಬೆವರು. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರನೇ ರಾತ್ರಿಯ ಹೊತ್ತಿಗೆ ಗೋಡೆ ಮೇಲೆ ಹುಳ ಹರಿದಂತೆ ಕಂಡು, ಇಲ್ಲದವರ ಜೊತೆ ಮಾತಾಡಬಹುದು. ಬ್ಯಾರಕ್ಕಿನಲ್ಲಿ ಇದು ನಾಟಕ ಎಂದೋ ದೆವ್ವ ಹಿಡಿದಿದೆ ಎಂದೋ ಕಾಣುತ್ತದೆ. ನಿಜದಲ್ಲಿ ಇದು ಪ್ರಾಣ ತೆಗೆಯಬಲ್ಲ ತುರ್ತುಸ್ಥಿತಿ. ಡಯಾಜೆಪಾಮ್ ಜಾತಿಯ ಮಾತ್ರೆಯೂ ಥಯಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್ನೂ ಬೇಕು. ದುಬಾರಿ ಔಷಧಗಳೇನಲ್ಲ. ಆದರೆ ಒಳಗೆ ಸೇರಿಸಿಕೊಳ್ಳುವಾಗಲೇ ‘ಕೊನೇ ಸಲ ಕುಡಿದದ್ದು ಯಾವಾಗ?’ ಎಂದು ಯಾರಾದರೂ ಕೇಳಿರಬೇಕು.

ಇನ್ನು ಕಾನೂನಿನ ಮಾತು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಬೇಕೆನ್ನುತ್ತದೆ. ಒಂದೇ ಒಂದು! ಇದಕ್ಕಿಂತ ಉದಾರವಾದದ್ದು ಮಾದಕವಸ್ತು ಕಾಯ್ದೆಯ 39ನೇ ಕಲಮು: ಸೇವನೆಯ ಅಪರಾಧ ಸಾಬೀತಾದ ವ್ಯಸನಿಯನ್ನು ಜೈಲಿಗಟ್ಟದೆ, ಅವನ ಒಪ್ಪಿಗೆ ಪಡೆದು, ಬಾಂಡ್ ಬರೆಸಿಕೊಂಡು, ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಆಸ್ಪತ್ರೆಗೆ ಚಿಕಿತ್ಸೆಗೆ ಕಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಚಿಕಿತ್ಸೆಯ ಫಲವೇನೆಂಬ ವರದಿ ಒಂದು ವರ್ಷದೊಳಗೆ ನ್ಯಾಯಾಧೀಶರ ಮುಂದೆ ಬರಬೇಕು.